ಕುದುರೆಗೂ ಒಂದು ಪಾಲು

ಆಗೆಲ್ಲ ಮಳೆಗಾಲ ಅಂದರೆ ನಮ್ಮ ಗಂಗೊಳ್ಳಿಯಲ್ಲಿ ಗಂಡಸರು ಮನೆಯಲ್ಲಿರುವ ಕಾಲ. ಜೂನ್ ನಡುವಿಗೆ ಬೋಟುಗಳು ಬಂದರಿನಲ್ಲಿ ಸಾಲಾಗಿ ಹಗ್ಗ ಕಟ್ಟಿಸಿಕೊಂಡು ನಿಂತರೆ ಮತ್ತೆ ಹೊರಡುವುದು ಆಗಸ್ಟಿಗೆ. ಹತ್ತು ತಿಂಗಳು ಕಡಲಿನ ಮೇಲೆ ಹುಕುಂ ನಡೆಸಿದವರು ಉಳಿದ ಎರಡು ತಿಂಗಳು ಜಗಲಿಯ ಮೇಲೆ ಕೂತು ಹುಕುಂ ನಡೆಸುತ್ತಿದ್ದರು. ಚಾ ತಾ, ಹಪ್ಪಳ ಸುಡು, ಆ ದಾರದ ಉಂಡೆ ಎತ್ತಿ ಕೊಡು. "ಕಡಲಿಗ್ ರಜಿ ಕೊಟ್ಟರಿಗೆ ನಮ್ಗೊಂದ್ ರಜಿ ಕೊಡುಕೆ ಆಯ್ಲಿಲ್ಲ ಕಾಣ್" ಎಂದು ಅಮ್ಮ ಒಲೆಯ ಮುಂದೆ ಗೊಣಗುತ್ತಿದ್ದಳು. ಮನೆಯ ತುಂಬ ನೈಲಾನ್ ಬಲೆಯ ವಾಸನೆ, ಒಣ ಸಿಗಡಿ ಹುರಿದ ವಾಸನೆ, ಒಣಗದ ಬಟ್ಟೆಯ ಮುಗ್ಗಲು ವಾಸನೆ. ಆ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ನಾನು ಎಂಟನೆಯ ಕ್ಲಾಸು. ಆ ವರ್ಷದ ಮಳೆಗಾಲವನ್ನು ನೆನೆದರೆ ನನಗೆ ಇವತ್ತಿಗೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇರುತ್ತಿದ್ದ ನನ್ನ ತಾಯಿಯ ಅಣ್ಣ, ಶೀನ ಮಾಮ.

ಮಾಮ ಟ್ರಾಲ್ ಬೋಟಿನ ತಾಂಡೇಲ. ಅಂದರೆ ಬೋಟಿನ ಯಜಮಾನ ಬೇರೆಯಾದರೂ ನೀರಿಗಿಳಿದ ಮೇಲೆ ಇವರು ಹೇಳಿದ್ದೇ ಕಡೆಯ ಮಾತು. ಆ ಅಭ್ಯಾಸ ಅವರು ದಡಕ್ಕೆ ಬಂದ ಮೇಲೂ ಬಿಟ್ಟು ಹೋಗುತ್ತಿರಲಿಲ್ಲ. ಅವರ ಸ್ನೇಹಿತ ಪ್ರಭಾಕರಣ್ಣ ಹೊಳೆಯಾಚೆ ಕುಂದಾಪುರದಲ್ಲಿ ಮದುವೆ ಕಾಗದ ಟೈಪು ಮಾಡಿಕೊಡುವ ಅಂಗಡಿ ಇಟ್ಟಿದ್ದರು. ಆಷಾಢದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಕಾಗದವೂ ಇಲ್ಲ. ಮೇಲಾಗಿ ಆ ವರ್ಷ ಅಂಗಡಿಯ ಮಾಡು ಸೋರುತ್ತಿತ್ತು. ನಮ್ಮ ಮನೆಯ ಉಪ್ಪರಿಗೆ ಸೋರುವುದಿಲ್ಲ ಎಂದು ತಮ್ಮ ಕಂಪ್ಯೂಟರನ್ನು ನಮ್ಮಲ್ಲಿ ಇಟ್ಟು ಹೋದರು. ದೋಣಿಯಲ್ಲಿ ಐದು ನಿಮಿಷಕ್ಕೆ ದಾಟಿಸಿ ಬಿಡುವಾ ಅಂತ ಮಾಮ ಹೇಳಿದ್ದಕ್ಕೆ ಪ್ರಭಾಕರಣ್ಣ ಹೌಹಾರಿ, ತ್ರಾಸಿಯ ಮೇಲಿನ ರಸ್ತೆ ಸುತ್ತಿ ಓಮ್ನಿಯಲ್ಲಿ ತಂದರು, ಮೂರು ಕಂಬಳಿ ಸುತ್ತಿ.

"ಶೀನಣ್ಣ, ಇದ್ ನಿಮ್ ಜವಾಬ್ದಾರಿ. ಕಡ್ಲ್ ತೆರ್ದ್ ದಿನ ಬಂದ್ ತಕಂಡ್ ಹೋತೆ. ಮಕ್ಳ್ ಕೈಗ್ ಕೊಡ್ಬ್ಯಾಡಿ" ಅಂದರು. ಮಾಮ ತಲೆಯಾಡಿಸಿದರು. ಪ್ರಭಾಕರಣ್ಣನ ಓಮ್ನಿ ಬೀದಿ ತಿರುಗುವ ಮೊದಲೇ ನಾನು ಉಪ್ಪರಿಗೆಯಲ್ಲಿದ್ದೆ.

ಅದರಲ್ಲಿ ಒಂದು ಆಟವಿತ್ತು. ನಾಲ್ಕು ಜನ ವೀರರು ಊರೂರು ಅಲೆಯಬೇಕು, ಸಿಕ್ಕ ಸಿಕ್ಕ ರಾಕ್ಷಸರನ್ನು ಹೊಡೆಯಬೇಕು, ಹೊಡೆದಾಗ ಬೀಳುವ ಹಸಿರು ಕಲ್ಲುಗಳನ್ನು ಆರಿಸಬೇಕು. ಆ ಕಲ್ಲನ್ನು ಊರಿನ ಕಮ್ಮಾರನಿಗೆ ಕೊಟ್ಟರೆ ಅವನು ಕತ್ತಿಯನ್ನೋ ಕವಚವನ್ನೋ ಒಂದು ಮೆಟ್ಟಿಲು ಮೇಲಕ್ಕೇರಿಸಿ ಕೊಡುತ್ತಿದ್ದ. ಹತ್ತು ಮೆಟ್ಟಿಲಿಗೆ ಕತ್ತಿ ಕೆಂಡದ ಹಾಗೆ ಹೊಳೆಯುತ್ತಿತ್ತಂತೆ. ಒಬ್ಬಳು ಮುದುಕಿ ಗಾಯ ಮಾಯುವ ಕೆಂಪು ಮದ್ದನ್ನು ಶೀಸೆಯಲ್ಲಿ ಕೊಡುತ್ತಿದ್ದಳು. ಕೊನೆಗೆ ಗುಹೆಯಲ್ಲಿ ಬೆಂಕಿಯುಗುಳುವ ಡ್ರ್ಯಾಗನ್. ಅದನ್ನು ಕೊಂದರೆ ಆಟ ಮುಗಿಯಿತು. ನಮ್ಮ ಕ್ಲಾಸಿನ ಹುಡುಗರು ಕುಂದಾಪುರದ ಸೈಬರಿನಲ್ಲಿ ಇದೇ ಆಟ ಆಡಿ ಬಂದು ಇಲ್ಲದ ಮೀಸೆ ತಿರುವುತ್ತಿದ್ದರು. ಡ್ರ್ಯಾಗನ್ ಕೊಂದವರು ಅವರಲ್ಲೂ ಯಾರೂ ಇರಲಿಲ್ಲ. ಆದರೂ ಒಬ್ಬ ನನಗೆ "ಹೆಣ್ಮಕ್ಳಿಗ್ ಅದೆಲ್ಲ ಆಪ್ದಲ್ಲ" ಅಂದ. ಅಷ್ಟು ಸಾಕಾಯಿತು. ಕಡಲು ತೆರೆಯುವ ಮೊದಲು, ಕಂಪ್ಯೂಟರ್ ಹೋಗುವ ಮೊದಲು, ಆ ಪ್ರಾಣಿಯನ್ನು ಕೊಲ್ಲುವುದೆಂದು ನಾನು ಹಠ ಹಿಡಿದೆ.

ಒಬ್ಬಳೇ ಆಡಿದ್ದರೆ ಜುಲೈ ಹೊತ್ತಿಗೆ ಮುಗಿಸುತ್ತಿದ್ದೆ. ಮೂರನೆಯ ದಿನ ಮಾಮ ಹಿಂದೆ ಬಂದು ನಿಂತರು. ಹುಡುಗಿ ಎನ್ನುವುದಕ್ಕೆ ಅವರು ಹೆಣೆ ಅನ್ನುತ್ತಿದ್ದರು.

"ಎಂತ ಹೆಣೆ ಇದ್? ಇವ ಕತ್ತಿ ಹಿಡ್ಕಂಡ್ ಸುಮ್ನೆ ತಿರ್ಗುದಾ? ಇವಂಗ್ ಬೇರೆ ಕೆಲ್ಸ ಇಲ್ಯಾ?"

ಬೈಸಿಕೊಳ್ಳುವ ಬದಲು ಕತೆ ಹೇಳಿದೆ. ಅದೇ ನಾನು ಮಾಡಿದ ತಪ್ಪು. ಮಾಮ ಕುರ್ಚಿ ಎಳೆದುಕೊಂಡು ಕೂತರು. ಅರ್ಧ ಗಂಟೆಯಲ್ಲಿ ಮೌಸು ಅವರ ಕೈಯಲ್ಲಿತ್ತು, ಒಂದು ಗಂಟೆಯಲ್ಲಿ ವೀರರ ಹೆಸರುಗಳೇ ಬದಲಾಗಿದ್ದವು. ಕತ್ತಿಯವನು ಶೀನ. ಬಿಲ್ಲಿನವನು ಬಚ್ಚ. ಮಂತ್ರದವನು ಶೇಷ. ಎಲ್ಲರ ಗಾಯ ಮಾಯಿಸುವ, ಉದ್ದ ನಿಲುವಂಗಿಯ ವೈದ್ಯ ಕುಷ್ಟ. ಇವರೆಲ್ಲ ಮಾಮನ ಬೋಟಿನವರು. ಬಚ್ಚಣ್ಣ ಮತ್ತು ಶೇಷಣ್ಣ ಬಲೆ ಎಳೆಯುವವರು, ಕುಷ್ಟಣ್ಣ ಬೋಟಿನಲ್ಲಿ ಅಡುಗೆ ಮಾಡುವವನು. ಸಾಮಾನು ಹೊರುವ ಒಂದು ಕುದುರೆಯೂ ಇತ್ತು, ಅದಕ್ಕೆ ಮಾಮ ಇಟ್ಟ ಹೆಸರು ಬೋಟು. ಮಾಮನಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಈ ಐದು ಹೆಸರುಗಳ ಅಕ್ಷರವನ್ನು ನನ್ನಿಂದ ಹೇಳಿಸಿಕೊಂಡು ಬಾಯಿಪಾಠ ಮಾಡಿದರು.

ಇಲ್ಲಿಯವರೆಗೆ ಸಹಿಸಬಹುದಿತ್ತು. ಕಲ್ಲು ಹಂಚುವ ವಿಷಯ ಬಂತು ನೋಡಿ, ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

ಇಡೀ ಆಟದಲ್ಲಿ ಸಿಗುವುದು ಇಪ್ಪತ್ತೇ ಕಲ್ಲು. ಡ್ರ್ಯಾಗನ್ನಿನ ಚರ್ಮವನ್ನು ಹತ್ತು ಮೆಟ್ಟಿಲ ಕತ್ತಿ ಮಾತ್ರ ಸೀಳುತ್ತದೆ, ಅದರ ಬೆಂಕಿಯನ್ನು ಹತ್ತು ಮೆಟ್ಟಿಲ ಕವಚ ಮಾತ್ರ ತಡೆಯುತ್ತದೆ. ಲೆಕ್ಕ ಎರಡನೆಯ ಕ್ಲಾಸಿನದು. ಇಪ್ಪತ್ತೂ ಕಲ್ಲನ್ನು ಕತ್ತಿಯವನಿಗೇ ಹಾಕಬೇಕು. ನಾನು ಇದನ್ನು ಡಿಕ್ಷನರಿ ಹಿಡಿದು ಓದಿ, ಕಾಗದದ ಮೇಲೆ ಬರೆದು ತೋರಿಸಿದೆ.

ಮಾಮ ಕಾಗದ ನೋಡಿದರು. "ಐದ್ ಪಾಲ್ ಮಾಡ್" ಅಂದರು.

"ಐದ್ ಎಂತಕ್ ಮಾಮ? ಇಪ್ಪುದೇ ನಾಕ್ ಜನ."

"ಕುದ್ರಿ? ಸಾಮಾನೆಲ್ಲ ಹೊರುದ್ ಯಾರ್, ನಿನ್ ಅಜ್ಜನಾ? ಬೋಟಿಗ್ ಪಾಲ್ ಇಲ್ದೆ ಎಲ್ಲಾರೂ ಇತ್ತಾ?"

ಬೋಟಿನಲ್ಲಿ ಹಾಗೇ. ಬಂದ ಮೀನಿನಲ್ಲಿ ಎಳೆದವನಿಗೊಂದು ಪಾಲು, ಬೇಯಿಸಿದವನಿಗೊಂದು ಪಾಲು, ಬೋಟಿಗೂ ಅದರ ಪಾಲು. ಅದು ನನಗೂ ಗೊತ್ತಿತ್ತು. ಆದರೆ ಡ್ರ್ಯಾಗನ್ನಿಗೆ ಗೊತ್ತಿರಬೇಕಲ್ಲ! ತಲೆಗೆ ನಾಲ್ಕರಂತೆ ಕಲ್ಲು ಹಂಚಿಯಾಯಿತು. ಶೀನನ ಕತ್ತಿಗೆ ಎರಡು, ಕವಚಕ್ಕೆ ಎರಡು. ಬಚ್ಚನ ಬಿಲ್ಲಿಗೆ ಎರಡು, ಅಂಗಿಗೆ ಎರಡು. ಕುದುರೆಗೆ ಆಯುಧವಿಲ್ಲ, ಹಾಗಾಗಿ ಅದರ ನಾಲ್ಕೂ ಕಲ್ಲು ಬೆನ್ನಿನ ಕವಚಕ್ಕೇ ಹೋಯಿತು. ಇಡೀ ತಂಡದಲ್ಲಿ ಅತಿ ಗಟ್ಟಿ ಕವಚ ಇದ್ದದ್ದು ಯಾರಿಗೆ ಅಂದರೆ ಕುದುರೆಗೆ. ನಾನು ತಲೆ ಚಚ್ಚಿಕೊಂಡೆ. ಕೆಂಪು ಮದ್ದೂ ಹಾಗೆಯೇ, ಎಲ್ಲರಿಗೂ ಆರಾರು ಶೀಸೆ. ಕುದುರೆ ಮದ್ದು ಕುಡಿಯುವುದಿಲ್ಲ ಎಂದು ನಂಬಿಸಲು ನನಗೆ ಒಂದು ಸಂಜೆ ಹಿಡಿಯಿತು.

ಮೊದಲ ಸಲ ಗುಹೆಗೆ ಹೋದೆವು. ಎರಡು ನಿಮಿಷದಲ್ಲಿ ನಾಲ್ಕೂ ಜನ ಬೂದಿ. ಹೊಗೆಯ ನಡುವೆ ಕುದುರೆ ಒಂದೇ ಬಾಲ ಅಲ್ಲಾಡಿಸುತ್ತ ನಿಂತಿತ್ತು.

"ಬೋಟ್ ಉಳೀತ್ ಕಾಣ್" ಅಂದರು ಮಾಮ, ತೃಪ್ತಿಯಿಂದ.

ಪುಣ್ಯಕ್ಕೆ ಆ ಆಟದಲ್ಲಿ ಸೋತರೆ ನಷ್ಟವಿರಲಿಲ್ಲ. ಸೋತ ಕೂಡಲೇ ಹಿಂದಿನ ಊರಿನ ಕಮ್ಮಾರನ ಬಾಗಿಲಿನಿಂದ ಮತ್ತೆ ಶುರು, ಎಲ್ಲರೂ ಮತ್ತೆ ಜೀವಂತ. ಗೆದ್ದಾಗ ಮಾತ್ರ ಸತ್ತವರು ಸತ್ತ ಹಾಗೆಯೇ ಉಳಿಯುತ್ತಿದ್ದರು. ಈ ಮಾತನ್ನು ನಾನು ಆಗ ಗಮನಿಸಿಯೂ ಗಮನಿಸಲಿಲ್ಲ.

ಸೋತೆವು, ಮತ್ತೆ ಸೋತೆವು. ಶಾಲೆಯಿಂದ ಬಂದು ಸೋತೆ, ಮಳೆಗೆ ರಜೆ ಕೊಟ್ಟ ದಿನ ಬೆಳಿಗ್ಗೆಯಿಂದ ಸೋತೆ, ಕರೆಂಟು ಹೋಗಿ ಬಂದು ಸೋತೆ. ಹಲಸಿನ ಹಪ್ಪಳದ ಎಣ್ಣೆಯಿಂದ ಕೀಲಿಮಣೆಯ ಅಕ್ಷರಗಳೆಲ್ಲ ಜಾರುತ್ತಿದ್ದವು. ಪ್ರತಿ ಸಲವೂ ನನ್ನದು ಒಂದೇ ರಾಗ: "ಮಾಮ, ಎಲ್ಲ ಕಲ್ಲೂ ಕತ್ತಿಯವ್ನಿಗೇ ಹಾಕುವ." ಮಾಮನದೂ ಒಂದೇ ರಾಗ: "ಬಲಿ ಎಳುಕೆ ಒಬ್ಬನ್ ಕೈ ಸಾಕಾತ್ತಾ?"

"ಇದ್ ಬಲಿ ಅಲ್ದ್ ಮಾಮ!"

"ಎಲ್ಲ್ದೂ ಬಲಿಯೇ. ನಾನ್ ಸುರುವಿಗ್ ಬೋಟಿಗ್ ಹೋದಾಗ ಹತ್ತ್ ದಿನ ವಾಂತಿ ಮಾಡ್ಕಂಡ್ ಬಿದ್ಕಂಡಿದ್ದೆ. ಒಂದ್ ಹಗ್ಗ ಮುಟ್ಟಲಿಲ್ಲ. ದಡಕ್ ಬಂದ್ಮೇಲ್ ತಾಂಡೇಲ ನನ್ ಪಾಲ್ ನನ್ ಕೈಯಗೇ ಇಟ್ಟ. ಎಂತಕ್ ಅಂದ್ರೆ, ಬೋಟಗೆ ನಾನೂ ಇದ್ದಿದ್ದೆ."

ನಾನು ಕಣ್ಣು ಮೇಲೆತ್ತಿ ಮಾಡು ನೋಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಅಜ್ಜಿ ಹೇಳುತ್ತಿದ್ದಳು. ಇಲ್ಲಿ ಕೋಣವೇ ಕಿನ್ನರಿ ಕಸಿದುಕೊಂಡು ನನಗೆ ಬಾರಿಸುತ್ತಿತ್ತು.

ಒಂದು ಭಾನುವಾರ ಬಲೆ ಹೆಣೆಯಲು ಬಂದ ಮೂವರನ್ನೂ ಮಾಮ ಉಪ್ಪರಿಗೆಗೆ ಹತ್ತಿಸಿದರು. ನಾಲ್ಕು ಜನ ದೊಡ್ಡ ಗಂಡಸರು ಹದಿನೈದು ಇಂಚಿನ ಪರದೆಯ ಮುಂದೆ ಮುದುರಿ ಕೂತರು. ಬಚ್ಚಣ್ಣನಿಗೆ ತನ್ನ ಬಿಲ್ಲು ನೋಡಿ ಖುಷಿಯೋ ಖುಷಿ. ಶೇಷಣ್ಣ ಮಾತಾಡುವವನೇ ಅಲ್ಲ, ತನ್ನ ಹೆಸರನ್ನು ಬೆರಳಲ್ಲಿ ಮುಟ್ಟಿ ನೋಡಿದ. ಕುಷ್ಟಣ್ಣನ ಮೋರೆ ಮಾತ್ರ ಸಣ್ಣಗಾಯಿತು.

"ಹ್ವಾಯ್ ಶೀನಣ್ಣ, ನಂಗ್ ಎಂತಕ್ ಸೀರಿ ಉಡ್ಸಿದ್ರಿ?"

"ಸೀರಿ ಅಲ್ದಾ ಮಾರಾಯ, ಅದ್ ಡಾಕ್ಟ್ರ್ ಅಂಗಿ. ನೀನ್ ಎಲ್ಲರ್ನೂ ಬದ್ಕ್ಸುವವ."

"ಹಂಗಾರ್ ಅಡ್ಡಿಲ್ಲ" ಅಂದ ಕುಷ್ಟಣ್ಣ. ಆಮೇಲೆ ಮದ್ದಿನ ಶೀಸೆ ನೋಡಿ, "ಇದ್ರಗೆ ಅಮಲ್ ಇತ್ತಾ?" ಎಂದು ನನ್ನನ್ನು ಕೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವತ್ತೂ ಸೋತೆವು. ನಾಲ್ವರೂ ಸಾಯುವುದನ್ನು ನಾಲ್ವರೂ ಒಟ್ಟಿಗೆ ಕೂತು ನೋಡಿ, ಚಾ ಕುಡಿದು, ಇಳಿದು ಹೋದರು.

ದಿನ ಹತ್ತಿರ ಬಂತು. ಬೋಟುಗಳಿಗೆ ಹೊಸ ಬಣ್ಣ ಬಿತ್ತು, ಐಸ್ ಪ್ಲಾಂಟಿನ ಸದ್ದು ಮತ್ತೆ ಶುರುವಾಯಿತು. ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡುವ ಪೂಜೆಯ ದಿನವೇ ಮಧ್ಯಾಹ್ನ ಪ್ರಭಾಕರಣ್ಣ ಓಮ್ನಿ ತರುವುದೆಂದು ಹೇಳಿ ಕಳಿಸಿದ್ದರು. ಪೂಜೆಗೆ ಎಲ್ಲರೂ ಹೊರಟರು. ನನಗೆ ಹೊಟ್ಟೆನೋವು ಅಂದೆ. ಅಮ್ಮ ಓಮದ ಕಷಾಯ ಕುಡಿಸಿ, ಚಾಪೆಯಲ್ಲಿ ಮಲಗಿಸಿ ಹೋದಳು. ಅವಳ ಚಪ್ಪಲಿಯ ಸದ್ದು ಗೇಟು ದಾಟಿದ್ದೇ ತಡ, ನಾನು ಮೆಟ್ಟಿಲು ಹತ್ತಿದೆ.

ಕಮ್ಮಾರನಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಹಾಕಿದ ಕಲ್ಲನ್ನು ಕಿತ್ತು ಕೊಡುವುದು. ಬಚ್ಚನ ಬಿಲ್ಲಿನಿಂದ ಕಿತ್ತೆ, ಅಂಗಿಯಿಂದ ಕಿತ್ತೆ. ಶೇಷನದು ಕಿತ್ತೆ. ಕುಷ್ಟನದು ಕಿತ್ತೆ, ಅವನ ಶೀಸೆಗಳನ್ನೂ ತೆಗೆದುಕೊಂಡೆ. ಕುದುರೆಯ ಕವಚದ ನಾಲ್ಕೂ ಕಲ್ಲು ಕೀಳುವಾಗ ನನಗೆ ಎರಡು ತಿಂಗಳ ಸೇಡು ತೀರಿದ ಹಾಗಾಯಿತು, ಸುಳ್ಳೇಕೆ ಹೇಳಲಿ. ಇಪ್ಪತ್ತೂ ಶೀನನಿಗೆ. ಕತ್ತಿ ಕೆಂಡವಾಯಿತು. ಎಲ್ಲರನ್ನೂ ಗುಹೆಗೆ ನಡೆಸಿದೆ.

ಮೊದಲ ಬೆಂಕಿಗೆ ಬಚ್ಚ ಹೋದ, ಶೇಷ ಹೋದ, ಕುದುರೆ ಹೋಯಿತು. ಕುಷ್ಟ ಅದು ಹೇಗೋ ಒಂದಿಷ್ಟು ಜೀವ ಹಿಡಿದುಕೊಂಡಿದ್ದ. ಮದ್ದೆಲ್ಲ ನಾನು ಕಸಿದುಕೊಂಡಿದ್ದರೂ ಕೋಲು ಎತ್ತಿ ಶೀನನ ಗಾಯವನ್ನು ಮಾಯಿಸಿದ. ಎರಡನೆಯ ಬೆಂಕಿಗೆ ಅವನೂ ಹೋದ. ನಾನು ನಿಲ್ಲಿಸಲಿಲ್ಲ. ಹೊಡೆದೆ, ಮದ್ದು ಕುಡಿಸಿದೆ, ಹೊಡೆದೆ. ಡ್ರ್ಯಾಗನ್ ಕುತ್ತಿಗೆ ಚೆಲ್ಲಿ ಬಿತ್ತು. ಕಹಳೆ ಊದಿದರು. ನಾನು ಒಬ್ಬಳೇ ಉಪ್ಪರಿಗೆಯಲ್ಲಿ ಕುಣಿದೆ, ನಿಜಕ್ಕೂ ಕುಣಿದೆ. ಆಟದಲ್ಲಿ ಉಳಿಸುವ ಜಾಗ ಒಂದೇ; ನಮ್ಮ ಹಳೆಯದನ್ನು ಅಳಿಸಿ ಆಟ ತನ್ನಷ್ಟಕ್ಕೆ ಆ ಗೆಲುವನ್ನು ಅಲ್ಲಿ ಉಳಿಸಿಕೊಂಡಿತು.

ಮಾಮ ಮೇಲೆ ಬಂದಾಗ ಲುಂಗಿ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಕೈಯಲ್ಲಿ ಪ್ರಸಾದದ ಬಾಳೆಹಣ್ಣು, ತೆಂಗಿನಕಾಯಿಯ ಹೋಳು. ನಾನು ಕುರ್ಚಿಯಿಂದ ಎದ್ದು ಪರದೆ ತೋರಿಸಿದೆ. ಸತ್ತ ಡ್ರ್ಯಾಗನ್ನಿನ ಮೇಲೆ ಕಾಲಿಟ್ಟು ಶೀನ ನಿಂತಿದ್ದ.

ಮಾಮ ತುಂಬ ಹೊತ್ತು ನೋಡಿದರು. ಕೆಳಗೆ ಸಾಲಾಗಿ ಐದು ಹೆಸರು, ನಾಲ್ಕರ ಮೇಲೆ ಕೆಂಪು ಗೀಟು.

"ಬಚ್ಚ ಎಲ್ಲಿ?"

ನಾನು ಕೆಂಡದಂಥ ಕತ್ತಿಗೆ ಬೆರಳು ತೋರಿಸಿದೆ.

"ಉಳ್ದರ್ ಎಲ್ಲಿ, ಹೆಣೆ?"

"ಅವ್ರ್ ಸತ್ತ್ರ್ ಮಾಮ. ಆದ್ರೆ ನೀವ್ ಗೆದ್ರಿ! ಮೊಸ್ಳಿ ಸತ್ತ್ ಹೋಯ್ತ್!" ಡ್ರ್ಯಾಗನ್ನಿಗೆ ಮಾಮ ಮೊಸಳೆ ಅನ್ನುತ್ತಿದ್ದರು.

"ತಾಂಡೇಲ ಒಬ್ನೇ ತಿರ್ಗಿ ಬಂದ್ರೆ, ದಡದಗ್ ನಿಂತರಿಗ್ ಮೋರಿ ಹ್ಯಾಂಗ್ ತೋರ್ಸುದ್?"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಮಾಮ, ಅದ್ ಆಟ! ಬರೀ ಆಟ!" ಎಂದು ಕಿರುಚಿದೆ.

ಮಾಮ ಕಿರುಚಲಿಲ್ಲ. "ಆಟ ಆರೆ, ಸೋತ್ರೆ ಎಂತ ಹೋತಿದ್ದಿತ್?" ಅಂದರು.



ಕೆಳಗೆ ಓಮ್ನಿಯ ಹಾರ್ನು ಕೇಳಿತು. ಮಾಮ ಬಾಳೆಹಣ್ಣನ್ನು ಕೀಲಿಮಣೆಯ ಪಕ್ಕ ಇಟ್ಟು, "ಸುರುವಿಂದ ಮಾಡ್. ನಾಕೂ ಜನರ್ನ ವಾಪಾಸ್ ತಾ. ನಾಳಿಗ್ ಇವ್ರನ್ ಕರ್ಕಂಡ್ ನಾನ್ ಕಡ್ಲಿಗ್ ಹೋಯ್ಕ್" ಅಂದರು. ನನ್ನ ಎರಡು ತಿಂಗಳ ಗೆಲುವು! ಕ್ಲಾಸಿನಲ್ಲಿ ಒಬ್ಬರಿಗೂ ತೋರಿಸಿರಲಿಲ್ಲ. ಮೂಗು ಸುರಸುರ ಎಳೆಯುತ್ತ ಹೊಸ ಆಟ ಶುರು ಮಾಡಿದೆ, ಗೆಲುವು ಅಳಿಸಿಹೋಯಿತು. ಶೀನ, ಬಚ್ಚ, ಶೇಷ, ಕುಷ್ಟ ಮರದ ಕತ್ತಿ ಹಿಡಿದು, ಹರಕು ಅಂಗಿಯಲ್ಲಿ, ಮೊದಲ ಊರಿನ ಬಾವಿಕಟ್ಟೆಯ ಹತ್ತಿರ ಬಂದು ನಿಂತರು.

"ಕುದ್ರಿ?" ಅಂದರು ಮಾಮ.

ಕುದುರೆ ಸಿಗುವುದು ಮೂರನೆಯ ಊರಿನಲ್ಲಿ! ನಾನು ಮೇಜಿಗೆ ಹಣೆ ಬಡಿದುಕೊಂಡೆ. ಪ್ರಭಾಕರಣ್ಣ ಕೆಳಗೆ ಎರಡು ಸಲ ಚಾ ಕುಡಿದರು, ಕಡುಬು ತಿಂದರು, ಮೂರು ಸಲ ಗಡಿಯಾರ ನೋಡಿದರು. ಅಮ್ಮ ಮೆಟ್ಟಿಲ ಕೆಳಗಿನಿಂದ, ಹೊಟ್ಟೆನೋವಿನವಳು ಮೇಲೇನು ಮಾಡುತ್ತಿದ್ದಾಳೆಂದು ಬೈಯುತ್ತಿದ್ದಳು. ನಾನು ಕಣ್ಣೊರೆಸಿಕೊಂಡು ಎರಡು ಊರು ದಾಟಿಸಿ, ಕುದುರೆ ಹಿಡಿದು ಕೊಟ್ಟೆ. ಐವರೂ ಒಂದು ಛತ್ರದೊಳಗೆ ಬೆಂಕಿಯ ಸುತ್ತ ಕೂತರು.

"ಹಾಂ, ಇಲ್ಲೇ ಇರ್ಲಿ. ಇನ್ನ್ ಇವ್ರನ್ ಹೊರ್ಗ್ ಕರ್ಕಂಡ್ ಹೋಪುಕಾಗ" ಎಂದು ಮಾಮ ಎದ್ದರು. ಕಂಪ್ಯೂಟರ್ ಮತ್ತೆ ಮೂರು ಕಂಬಳಿ ಸುತ್ತಿಕೊಂಡು ತ್ರಾಸಿ ದಾರಿ ಹಿಡಿಯಿತು.

ಮಾಮನೊಡನೆ ನಾನು ಹದಿನೈದು ದಿನ ಮಾತು ಬಿಟ್ಟಿದ್ದೆ. ಅವರು ಕಡಲಿನಲ್ಲಿದ್ದುದರಿಂದ ಅವರಿಗೆ ಅದು ಗೊತ್ತಾಗಲೇ ಇಲ್ಲ.

ಆಮೇಲೆ ಪ್ರತಿ ವರ್ಷ ಕಡಲು ತೆರೆಯುವ ಮೊದಲು ಮಾಮ ದೋಣಿ ಹತ್ತಿ ಹೊಳೆ ದಾಟಿ ಪ್ರಭಾಕರಣ್ಣನ ಅಂಗಡಿಗೆ ಹೋಗಿ ಬರುತ್ತಿದ್ದರು. ಮದುವೆ ಕಾಗದಗಳ ನಡುವೆ ಆ ಛತ್ರ ತೆರೆಸಿ, ಹೆಸರು ನೋಡಿ, ಎದ್ದು ಬರುವುದು. ಕೆಲವು ವರ್ಷಗಳ ನಂತರ ಪ್ರಭಾಕರಣ್ಣ ಫ್ಲೆಕ್ಸ್ ಹೊಡೆಯುವ ಹೊಸ ಯಂತ್ರ ತಂದು ಹಳೆಯದನ್ನು ಗುಜರಿಗೆ ಹಾಕಿದರು. ಮಾಮ ಕೇಳಿದ್ದಕ್ಕೆ ಒಂದು ಸಿ.ಡಿ. ಕೈಗಿತ್ತು, "ಎಲ್ಲರ್ನೂ ಇದ್ರಗೆ ಹಾಕಿದೆ ಶೀನಣ್ಣ" ಅಂದರು. ಮಾಮ ಅದನ್ನು ಬೋಟಿನ ಕ್ಯಾಬಿನ್ನಿನಲ್ಲಿ ದೇವರ ಫೋಟೋದ ಹಿಂದೆ ಸಿಕ್ಕಿಸಿದರು.

ಈಗ ಮಾಮ ಬೋಟು ಬಿಟ್ಟಿದ್ದಾರೆ. ಆ ಬೋಟೂ ಇಲ್ಲ. ಈಗಿನ ದೊಡ್ಡ ಬೋಟುಗಳಲ್ಲಿ ದೂರದ ಊರಿನ ಹುಡುಗರು ಸಂಬಳಕ್ಕೆ ಬರುತ್ತಾರೆ, ಮುಂದಿನ ಸೀಸನ್ನಿಗೆ ಬೇರೆ ಹುಡುಗರು. ಪಾಲು ಎಂಬ ಮಾತು ಬಂದರಿನಲ್ಲಿ ಅಪರೂಪಕ್ಕೆ ಕೇಳುತ್ತದೆ. ಬಚ್ಚಣ್ಣ ಬ್ರಹ್ಮಾವರದಲ್ಲಿ ಮಗಳ ಮನೆ ಸೇರಿದ, ಶೇಷಣ್ಣ ಬೈಂದೂರು ಸ್ಟೇಶನ್ನಿನ ಹತ್ತಿರ ಚಾ ಅಂಗಡಿ ಇಟ್ಟಿದ್ದಾನೆ. ಕುಷ್ಟಣ್ಣ ಹೋದ ವರ್ಷ ತೀರಿಕೊಂಡ. ನಾನು ಈಗಲೂ ಮೊಬೈಲಿನಲ್ಲಿ ಅಂಥವೇ ಆಟ ಆಡುತ್ತೇನೆ. ಗುರುತಿಲ್ಲದ ಮೂವರ ಜೊತೆ ಹೋಗಿ ಗೆದ್ದು ಬರುತ್ತೇನೆ. ಅವರ ಹೆಸರು ಓದುವ ಮೊದಲೇ ಪರದೆ ಬದಲಾಗಿರುತ್ತದೆ. ನನ್ನ ಕತ್ತಿ ಹತ್ತನೆಯ ಮೆಟ್ಟಿಲಲ್ಲೇ ಇದೆ, ಕೇಳುವವರು ಯಾರೂ ಇಲ್ಲ.

ಕಳೆದ ಮಳೆಗಾಲದಲ್ಲಿ ಕಪಾಟು ಒರೆಸುವಾಗ, ಮಾಮ ಬೋಟಿನಿಂದ ತಂದಿಟ್ಟ ಆ ಸಿ.ಡಿ. ಸಿಕ್ಕಿತು. ಹಳೆಯ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಗಣಪತಿ, ಬಾಳೆಕಂಬ, ಓಲಗದವರು, ಕಳಸ. ಬರೀ ಮದುವೆ ಕಾಗದದ ಚಿತ್ರಗಳು. ಪ್ರಭಾಕರಣ್ಣನನ್ನು ಬೈಯಬೇಕೋ ಮಾಮನನ್ನು ಬೈಯಬೇಕೋ ತಿಳಿಯದೆ ಕೂತಿದ್ದೆ. ನನ್ನ ಮುಂದಿದ್ದ ಸಿ.ಡಿ. ಡಬ್ಬಿ ಕಂಡು ಜಗಲಿಯಿಂದ ಮಾಮ ಕೂಗಿದರು.

"ಎಂತ ಹೆಣೆ, ಅದ್ ಬೋಟಿನ್ ಸೀಡಿಯಾ? ಅವ್ರ್ ಇದ್ರಾ?"

"ಇದ್ರ್, ಮಾಮ."

"ಕುದ್ರಿ?"

ನೋಡಿ, ಇಪ್ಪತ್ತು ವರ್ಷವಾದರೂ ಈ ಮನುಷ್ಯನಿಗೆ ಕುದುರೆಯದೇ ಚಿಂತೆ. "ಕುದ್ರಿಯೂ ಇತ್ತ್" ಅಂದೆ, ಹಲ್ಲು ಕಚ್ಚಿ.

ಜಗಲಿಯಲ್ಲಿ ಮಾಮ ಕುರ್ಚಿ ಎಳೆದುಕೊಂಡ ಸದ್ದು ಕೇಳಿತು.

"ಕುಷ್ಟ?"

"ಇದ್ದ ಮಾಮ. ಬೆಂಕಿ ಹತ್ರ ಕೂತಿದ್ದ."